ಪೆಟ್ಟಿಗೆಗೆ ಅರಿಶಿನ ಕುಂಕುಮ

ಅಕ್ಟೋಬರ್ ೧, ಬುಧವಾರ. ಆಯುಧಪೂಜೆ

ಇವತ್ತು ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ನಾಳೆ ನಾಡಿದ್ದರಲ್ಲಿ ನನಗೆ ನಾನೇ ಬೇರೆ ಥರ ಹೇಳಿಕೊಳ್ಳಬಾರದು, ಅದಕ್ಕೆ.

ಬೆಳಗಿನಿಂದ ಎಲ್ಲವೂ ಕ್ರಮವಾಗಿಯೇ ಇತ್ತು. ಮಗ ಶ್ರೀನಾಥ ತನ್ನ ಮೂರು ಟ್ಯಾಕ್ಸಿಗಳನ್ನು ತೊಳೆದು ಬೀದಿಯಲ್ಲಿ ಸಾಲಾಗಿ ನಿಲ್ಲಿಸಿದ್ದ. ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಗ್ರೈಂಡರು ಎಲ್ಲಕ್ಕೂ ಹೂ ಕುಂಕುಮ ಆಯಿತು. ದೊಮ್ಮಲೂರಿನಲ್ಲಿ ನಮ್ಮ ತೋಟವಿದ್ದ ಕಡೆ ಈಗ ಆಫೀಸುಗಳಿವೆ. ಆದರೂ ನಮ್ಮ ಯಜಮಾನರ ಗುದ್ದಲಿಗೇ ಮೊದಲ ಕುಂಕುಮ. ಅವರು ಹೋಗಿ ಒಂಬತ್ತು ವರ್ಷವಾಯಿತು, ಆ ನಿಯಮ ಒಂದು ವರ್ಷವೂ ತಪ್ಪಿಲ್ಲ.

ಉಳಿದದ್ದು ಮೊಮ್ಮಗಳು ರಮ್ಯಶ್ರೀಯ ಕಂಪ್ಯೂಟರ್. ಮಹಡಿ ಕೋಣೆಯಲ್ಲಿ ಮೂರು ಪರದೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಸ್ಟೀರಿಂಗ್ ಹಿಡಿದು, ಕಾರ್ ರೇಸ್ ಆಡುತ್ತಾಳೆ. ಬಿ.ಕಾಂ. ಎರಡನೇ ವರ್ಷದ ಹುಡುಗಿಗೆ ಇದು ಬೇಕೇ ಎಂದು ಎಷ್ಟೋ ಸಲ ಕೇಳಿದ್ದೇನೆ. ತಾಯಿ ಬೃಂದಾಳ ಜೊತೆ ಬೂದುಗುಂಬಳ ತರಲು ಹಲಸೂರು ಮಾರುಕಟ್ಟೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಜ್ಜಿ, ನನ್ನ ಕಂಪ್ಯೂಟರ್ ಮುಟ್ಬೇಡ. ಬಂದ್ಮೇಲೆ ನಾನೇ ಒಂದು ಹೂ ಇಡ್ತೀನಿ. ನೀರು ಗೀರು ಏನೂ ಬೇಡ" ಅಂದಳು.

ನನ್ನ ಮನೆಯಲ್ಲಿ, ಹಬ್ಬದ ದಿನ, ನನಗೆ ಮುಟ್ಟಬೇಡ ಅನ್ನುವುದು!

ಮಹಡಿ ಹತ್ತಿದೆ. ಕಂಪ್ಯೂಟರಿನ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ನೀಲಿ ದೀಪಗಳು ಉರಿಯುತ್ತಿದ್ದವು. ಹಬ್ಬದ ದಿನ ಉರಿಯುವ ದೀಪ ಆರಿಸಬಾರದೆಂದು ಸ್ವಿಚ್ಚು ಮುಟ್ಟಲಿಲ್ಲ. ಗಾಜಿಗೆ ವಿಭೂತಿ ಎಳೆದು ಕುಂಕುಮ ಇಟ್ಟೆ. ನೆತ್ತಿಯ ಮೇಲೆ ಅಕ್ಷತೆ ಹಾಕಿ, ಮಾವಿನೆಲೆಯಿಂದ ಅರಿಶಿನದ ನೀರು ಚಿಮುಕಿಸಿದೆ. ಒಂದು ಸಲ, ಎರಡು ಸಲ. ಮೂರನೆಯ ಸಲ, ಸಿಟ್ಟು ಇನ್ನೂ ಇಳಿದಿರಲಿಲ್ಲ, ಚೊಂಬನ್ನೇ ಬಗ್ಗಿಸಿದೆ. ಆ ಪೆಟ್ಟಿಗೆಯ ನೆತ್ತಿ ಜಾಲರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಳಗೆ ಚಟ್ ಅಂದಿತು. ಸುಟ್ಟ ವಾಸನೆ ಬಂತು. ದೀಪಗಳು ಹೋದವು. ಮೂರು ಪರದೆಗಳೂ ಕಪ್ಪಾದವು.

ಆಮೇಲಿನದನ್ನು ಬರೆಯಲು ಕೈ ಬರುತ್ತಿಲ್ಲ. ಸೆರಗಿನಿಂದ ಕುಂಕುಮ ಒರೆಸಿದೆ. ವಿಭೂತಿ ಒರೆಸಿದೆ. ಮೇಲೆ ಉಳಿದ ಅಕ್ಷತೆ ಆರಿಸಿಕೊಂಡೆ. ಕಿಟಕಿ ತೆಗೆದೆ. ಪೂಜೆ ಮಾಡಿದ ಕೈಯಿಂದಲೇ ಕುಂಕುಮ ಅಳಿಸಿ, ಕೆಳಗೆ ಬಂದು ಪಾಯಸಕ್ಕೆ ಏಲಕ್ಕಿ ಕುಟ್ಟಿದೆ.

ಮಧ್ಯಾಹ್ನ ರಮ್ಯಾ ಮೇಲಿನಿಂದ ಕೂಗಿಕೊಂಡಳು. ಎಲ್ಲರೂ ಓಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಅಕ್ಟೋಬರ್ ೩, ಶುಕ್ರವಾರ

ಶ್ರೀನಾಥ ಪೆಟ್ಟಿಗೆಯನ್ನೂ ನಡುವಿನ ಪರದೆಯನ್ನೂ ಕಾರಿಗೆ ಹಾಕಿಕೊಂಡು ಶಿವಾಜಿನಗರಕ್ಕೆ ಹೋಗಿದ್ದ. ಹೋದ ವರ್ಷ ಅದನ್ನು ಜೋಡಿಸಿಕೊಟ್ಟವನು ಸಕ್ಲೇನ್. ನೂರುನ್ನೀಸಾಳ ಮಗ. ನಾನೂ ನೂರುನ್ನೀಸಾಳೂ ಹಲಸೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಇಬ್ಬರೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಪಾಸಾದೆವು. ನನ್ನ ರವಿಕೆಗಳನ್ನು ನಲವತ್ತು ವರ್ಷದಿಂದ ಅವಳೇ ಹೊಲಿಯುತ್ತಿರುವುದು.

ಶ್ರೀನಾಥ ಬಂದವನೇ ಚಪ್ಪಲಿ ಬಿಡುತ್ತಾ ಶುರು ಮಾಡಿದ.

"ಡೂಪ್ಲಿಕೇಟ್ ಮಾಲು ಹಾಕಿದಾನಮ್ಮ. ಒಂದು ವರ್ಷಕ್ಕೆ ಸುಟ್ಟೋಗುತ್ತಾ? ಅಂಗಡಿ ತುಂಬ ಜನ ಇದ್ರು, ಎಲ್ಲರ ಮುಂದೆ ಬಿಡಿಸಿ ಕೇಳ್ದೆ. ಪಕ್ಕದ ಗಾಜು ತೆಗ್ದು ಒಳಗೆ ನೋಡ್ದ, ನೋಡಿ ಹಂಗೇ ಮುಚ್ಬಿಟ್ಟ. 'ಎರಡು ದಿನ ಬಿಟ್ಟೋಗಿ ಅಣ್ಣ' ಅಂದ. ಬಾಯಿ ಕಟ್ಟೋಯ್ತು ಅವನಿಗೆ. ಅಲ್ವಾ, ನೀನೇ ಹೇಳು."

ನಾನು ತಲೆಯಾಡಿಸಿದೆ. ಬಾಯಿ ತೆರೆದು ಏನೂ ಹೇಳಲಿಲ್ಲ. ತಲೆಯಾಡಿಸುವುದು ಸುಳ್ಳು ಹೇಳಿದಂತಲ್ಲ ಎಂದು ಊಟದ ತನಕ ಅಂದುಕೊಂಡೆ. ಊಟ ಸೇರಲಿಲ್ಲ.

ಅಕ್ಟೋಬರ್ ೬, ಸೋಮವಾರ

ಸಕ್ಲೇನ್ ಫೋನ್ ಮಾಡಿದ್ದ. ಒಳಗಿನ ಬೋರ್ಡು, ಗ್ರಾಫಿಕ್ಸ್ ಕಾರ್ಡು, ಕರೆಂಟು ಹಂಚುವ ಪವರ್ ಸಪ್ಲೈ, ಒಂದು ರ‍್ಯಾಮ್ ಪಟ್ಟಿ, ನಡುವಿನ ಪರದೆ, ಇಷ್ಟು ಹೋಗಿವೆಯಂತೆ. ಯಾಕೆ ಹೋಯಿತು ಎಂದು ಹೇಳಲಿಲ್ಲ. ಪವರ್ ಸಪ್ಲೈಯನ್ನು ತಾನೇ ಸುಮ್ಮನೆ ಹಾಕಿಕೊಡುತ್ತಾನಂತೆ.

"ನೋಡಿದ್ಯಾ? ತಪ್ಪಿಲ್ದೇ ಇದ್ರೆ ಯಾವನಾದ್ರೂ ಬಿಟ್ಟಿ ಕೊಡ್ತಾನಾ?" ಎಂದ ಶ್ರೀನಾಥ. ಟ್ಯಾಕ್ಸಿಯವರ ವಾಟ್ಸಾಪ್ ಗುಂಪಿನಲ್ಲಿ ಆ ಅಂಗಡಿಯ ಹೆಸರು ಹಾಕಿ, ಅಲ್ಲಿ ಯಾರೂ ಏನೂ ಕೊಳ್ಳಬೇಡಿ ಎಂದು ಬರೆದಿದ್ದಾನೆ. ಇನ್ನೂರು ಜನ ಇದ್ದಾರಂತೆ ಆ ಗುಂಪಿನಲ್ಲಿ. ಮಗಳಿಗೂ ಹೇಳಿದ: "ಇನ್ನೊಂದು ಪೈಸೆ ಹಾಕಲ್ಲ ಅದಕ್ಕೆ. ಆಟ ಸಾಕು."

ರಮ್ಯಾ ಆಗ ಒಂದು ಮಾತು ಹೇಳಿದಳು. ನನಗೆ ಇದುವರೆಗೆ ಗೊತ್ತಿರಲಿಲ್ಲ, ನಾನು ಕೇಳಿದ್ದರೆ ತಾನೆ. ಯಾವುದೋ ರೇಸಿಂಗ್ ಶಾಲೆ ಮನೆಯಿಂದಲೇ ಆಡುವ ಪಂದ್ಯ ಇಟ್ಟಿದೆ. ಎಂಟುನೂರು ಮಂದಿಯಲ್ಲಿ ಇವಳು ಕಡೆಯ ಸುತ್ತಿಗೆ ಆರಿಸಿದ ಇಪ್ಪತ್ತರೊಳಗೆ ಬಂದಿದ್ದಾಳೆ. ನವೆಂಬರ್ ಹದಿನಾರಕ್ಕೆ ಕಡೆಯ ಓಟ. ಮೊದಲ ಮೂವರನ್ನು ನಿಜವಾದ ರೇಸ್ ಕಾರಿನಲ್ಲಿ ಕೂರಿಸಿ ಕಲಿಸುತ್ತಾರೆ. ಇಪ್ಪತ್ತರಲ್ಲಿ ಹುಡುಗಿ ಇವಳೊಬ್ಬಳೇ.

ಅಕ್ಟೋಬರ್ ೯, ಗುರುವಾರ

ಬೆಳಿಗ್ಗೆ ದೇವರ ಕೋಣೆಗೆ ರಮ್ಯಾ ಬಂದಳು. ಪರೀಕ್ಷೆಯ ದಿನ ಬಿಟ್ಟರೆ ಬರುವವಳಲ್ಲ.

"ಅಜ್ಜಿ, ಮನೇಲಿ ಎಲ್ಲದಕ್ಕೂ ಕುಂಕುಮ ಇತ್ತು. ನನ್ನ ಕಂಪ್ಯೂಟರ್‌ಗೆ ಮಾತ್ರ ಇರ್ಲಿಲ್ಲ. ನಾನೇ ಬೇಡ ಅಂದಿದ್ದಲ್ವಾ. ಅದಕ್ಕೇ ಹಿಂಗಾಯ್ತು ಅನ್ಸುತ್ತೆ."

ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು ದೀಪ ಹಚ್ಚಿದಳು. ಬತ್ತಿ ಒಣಗಿತ್ತು. ಎಣ್ಣೆ ನಾನೇ ಹಾಕಿದೆ.

ಅಕ್ಟೋಬರ್ ೧೩, ಸೋಮವಾರ

ನಾಲ್ಕು ದಿನದಿಂದ ಬೆಳಿಗ್ಗೆ ಸಂಜೆ ದೀಪ ಹಚ್ಚುತ್ತಿದ್ದಾಳೆ. ಕಾಲೇಜು ಮುಗಿಸಿ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹತ್ತಿರ ಯಾವುದೋ ಗೇಮಿಂಗ್ ಸೆಂಟರಿಗೆ ಹೋಗಿ ಗಂಟೆಗಿಷ್ಟು ಎಂದು ಕೊಟ್ಟು ಅಭ್ಯಾಸ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾಳೆ. ಇವತ್ತು ಬಂದಾಗ ಮುಖ ಬತ್ತಿಹೋಗಿತ್ತು.

ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿದೆ: ಹಿಂದಿನ ಎರಡು ಕೋಣೆಯ ಬಾಡಿಗೆ ನನ್ನ ಕೈಗೆ ಬರುತ್ತದಲ್ಲ, ಅದರಲ್ಲಿ ಕೂಡಿಟ್ಟದ್ದು ಅರವತ್ತು ಸಾವಿರ ಇದೆ. ಅಷ್ಟರೊಳಗೆ ಪೆಟ್ಟಿಗೆ ಸರಿಯಾಗಬೇಕು. ಒಂದು ರೂಪಾಯಿ ಹೆಚ್ಚು ಕೇಳಬಾರದು. ಸಾಮಾನು ಆರಿಸಲು ನಾನೂ ಬರುತ್ತೇನೆ.

ಶ್ರೀನಾಥನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ರಮ್ಯಾ ಎಂಜಲು ಕೈಯಲ್ಲೇ ಬಂದು ತಬ್ಬಿಕೊಂಡಳು. "ನಮ್ಮತ್ತೆ ಮನಸ್ಸು ಯಾರಿಗೂ ಬರಲ್ಲ" ಎಂದಳು ಬೃಂದಾ. ಇಪ್ಪತ್ತೆರಡು ವರ್ಷದಲ್ಲಿ ಆ ಹೆಂಗಸು ನನ್ನನ್ನು ಹೊಗಳಿದ್ದು ಇದೇ ಮೊದಲು. ಇಂಥದ್ದಕ್ಕೆ ಹೊಗಳಬೇಕೇ.

ಅಕ್ಟೋಬರ್ ೧೭, ಶುಕ್ರವಾರ

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ರಮ್ಯಾ ಬರೆದು ಬರೆದು ಪಾಠ ಹೇಳಿದಳು. ನನಗೆ ತಿಳಿದಷ್ಟು ಇಲ್ಲಿ ಬರೆದುಕೊಳ್ಳುತ್ತೇನೆ.

ಪ್ರೊಸೆಸರ್ ಮನೆಯ ಯಜಮಾನ. ಅದು ಉಳಿದಿದೆ. ಬೋರ್ಡು ಎಂದರೆ ಎಲ್ಲರೂ ಕೂರುವ ಜಗಲಿ. ಯಜಮಾನನ ಕಾಲಿಗೆ, ಎಂದರೆ ಅದರ ಪಿನ್ನುಗಳಿಗೆ, ತಕ್ಕ ಜಗಲಿಯನ್ನೇ ತರಬೇಕು, ಕಾಲು ಎಣಿಸದೆ ತಂದರೆ ಕೂರುವುದೇ ಇಲ್ಲ. ಪವರ್ ಸಪ್ಲೈ ಅಡುಗೆಮನೆ. ಅದರಲ್ಲಿ ಜಿಪುಣತನ ಮಾಡಿದರೆ ಎಲ್ಲರೂ ಉಪವಾಸ ಬೀಳುತ್ತಾರೆ. ಪರದೆಯ ಮೇಲಿನ ಚಿತ್ರವನ್ನೆಲ್ಲ ಬರೆಯುವುದು ಗ್ರಾಫಿಕ್ಸ್ ಕಾರ್ಡು. ದುಡ್ಡಿನಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಅದರ ಹಿಂದೆ ಪರದೆಯ ವೈರು ಚುಚ್ಚುವ ಕಿಂಡಿಗಳಿರುತ್ತವೆ. ನಮಗೆ ಕಡೇಪಕ್ಷ ಮೂರು ಬೇಕು. ಅಗ್ಗದವುಗಳಲ್ಲಿ ಎರಡೇ ಇರುತ್ತವೆ, ನೋಡದೆ ತಂದರೆ ಕೆಟ್ಟೆವು.

"ಒಂದು ಪರದೆ ಸಾಲದೇನೇ? ಟಿ.ವಿ. ಒಂದರಲ್ಲೇ ನೋಡ್ತೀವಲ್ಲ" ಎಂದೆ.

"ಅಜ್ಜಿ, ಎಡಗಣ್ಣು ಬಲಗಣ್ಣು ಎರಡಕ್ಕೂ ಪಕ್ಕದಲ್ಲಿ ಕೈ ಅಡ್ಡ ಇಟ್ಕೊಂಡು ಟಿನ್ ಫ್ಯಾಕ್ಟರಿ ಹತ್ರ ರಸ್ತೆ ದಾಟ್ತೀಯಾ?"

"ಸಾಯ್ಬೇಕಾ?"

"ಅಷ್ಟೇ. ಪಕ್ಕದಲ್ಲಿ ಬರೋ ಗಾಡಿ ಕಾಣ್ಬೇಕಲ್ಲ. ಆ ಸೆಂಟರ್‌ನಲ್ಲಿ ಒಂದೇ ಪರದೆ. ದಿನಾ ಗುದ್ದಿಸ್ಕೊಂಡು ಬರ್ತೀನಿ."

ಇಷ್ಟು ದಿನ ಅವಳು ಮಹಡಿಯಲ್ಲಿ ಕೂತು ಹೊತ್ತು ಹಾಳು ಮಾಡುತ್ತಾಳೆ ಎಂದುಕೊಂಡಿದ್ದೆ. ಒಂದೊಂದು ತಿರುವಿಗೆ ಎಲ್ಲಿ ಬ್ರೇಕು ಒತ್ತಬೇಕು ಎಂದು ಒಂದು ನೋಟ್‌ಬುಕ್ ತುಂಬ ಬರೆದಿದ್ದಾಳೆ. ಅಕ್ಷರ ನನ್ನದರ ಹಾಗೆಯೇ ಇದೆ, ಬಲಕ್ಕೆ ವಾಲಿಕೊಂಡು.

ಅಕ್ಟೋಬರ್ ೨೪, ಶುಕ್ರವಾರ

ದೀಪಾವಳಿ ಮುಗಿಯಿತು. ನಾನು ಹೊಸ ಸೀರೆ ಉಡಲಿಲ್ಲ. ಬೃಂದಾ ಕೇಳಿದಳು, ಮಂಡಿ ನೋವು ಎಂದೆ. ಮಂಡಿಗೂ ಸೀರೆಗೂ ಏನು ಸಂಬಂಧ?

ಸಕ್ಲೇನನ ಅಂಗಡಿಗೆ ಕಾಲಿಡಕೂಡದು ಎಂದು ಶ್ರೀನಾಥನ ಆಜ್ಞೆ. ಹಾಗಾಗಿ ಇವತ್ತು ಇಂದಿರಾನಗರದ ಒಂದು ಗಾಜಿನ ಗೋಡೆಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಒಳಗೆ ಫ್ರಿಜ್ಜಿನಂಥ ಚಳಿ. ಲಿಖಿತ್ ಎಂಬ ಹೆಸರಿನ ಬಿಲ್ಲೆ ಹಾಕಿಕೊಂಡಿದ್ದವನು ಬಂದು, "ಆಂಟಿ, ಬಜೆಟ್ ಹೇಳಿ, ಮಿಕ್ಕಿದ್ದು ನನಗೆ ಬಿಡಿ" ಎಂದ. ಮಿಕ್ಕಿದ್ದನ್ನು ಇನ್ನೊಬ್ಬರಿಗೆ ಬಿಟ್ಟು ನನಗೆ ಅಭ್ಯಾಸವಿಲ್ಲ.

ಇಪ್ಪತ್ತೇಳು ಇಂಚಿನ ಬಾಗಿದ ಪರದೆ ತೋರಿಸಿದ. ನಾನು ಚೀಲದಿಂದ ಟೇಪು ತೆಗೆದು ಅಳೆದೆ. ನಮ್ಮ ಪಕ್ಕದ ಎರಡು ಪರದೆಗಳ ಎತ್ತರ ಹನ್ನೆರಡು ಇಂಚಿಗೆ ಒಂದು ನೂಲು ಕಮ್ಮಿ, ಇದು ಹದಿಮೂರು ದಾಟುತ್ತದೆ.

"ನಡುವೆ ಇದೊಂದು ಎದ್ದು ನಿಂತ್ರೆ ರಸ್ತೆ ಮೂರು ಕಡೆ ತುಂಡಾಗಿ ಕಾಣಲ್ವೇನಪ್ಪ?"

ಅವನು ರಮ್ಯಾಳ ಮುಖ ನೋಡಿದ. ರಮ್ಯಾ ಚಾವಣಿ ನೋಡಿದಳು. ಕಾರ್ಡು ತೋರಿಸಿದಾಗ ಹಿಂದೆ ತಿರುಗಿಸಿ ಕಿಂಡಿ ಎಣಿಸಿದೆ. ಎರಡು. ವಾಪಸು ಕೊಟ್ಟೆ. ಪವರ್ ಸಪ್ಲೈಯ ಹೆಸರು ರಮ್ಯಾ ಕೇಳಿಯೇ ಇರಲಿಲ್ಲ. ಆದರೆ ಪೆಟ್ಟಿಗೆಗೆ ಮಾತ್ರ ಏಳು ಬಣ್ಣದ ದೀಪ. ಅಷ್ಟೂ ಸೇರಿ ಎಂಬತ್ತೆರಡು ಸಾವಿರ. ರ‍್ಯಾಮ್ ಬೆಲೆ ವಾರವಾರವೂ ಏರುತ್ತಿದೆ, ಇವತ್ತೇ ತಗೊಳ್ಳಿ ಎಂದ. ಏರುತ್ತಿರುವುದು ನಿಜವಂತೆ, ರಮ್ಯಾಳೂ ಹೇಳಿದಳು.

ಹೊರಗೆ ಬಂದು ಎಳನೀರು ಕುಡಿಯುವಾಗ ಅವಳೆಂದಳು: "ಸಕ್ಲೇನಣ್ಣ ಆಗಿದ್ರೆ ಹಿಂಗೆ ದೀಪ ತೋರಿಸಿ ಮಾರ್ತಿರ್ಲಿಲ್ಲ. ಹೋದ್ಸಲ ನಾನೇ ದುಬಾರಿ ಕ್ಯಾಬಿನೆಟ್ ಕೇಳಿದ್ರೆ, 'ಬೇಡಮ್ಮ, ಆ ದುಡ್ಡು ಪವರ್ ಸಪ್ಲೈಗೆ ಹಾಕು' ಅಂತ ಬೈದಿದ್ರು. ಅವರು ಯಾಕೆ ಡೂಪ್ಲಿಕೇಟ್ ಹಾಕಿದ್ರೋ ಗೊತ್ತಿಲ್ಲ ಅಜ್ಜಿ."

ಎಳನೀರಿನ ಗಂಜಿ ಕೆರೆದು ಕೊಡಲೇ ಎಂದು ಅಂಗಡಿಯವನು ಕೇಳುತ್ತಿದ್ದ. ಎರಡನೆಯ ಸಲ ಕೇಳಿದಾಗಲೇ ನನಗೆ ಕೇಳಿಸಿದ್ದು.

ಅಕ್ಟೋಬರ್ ೨೮, ಮಂಗಳವಾರ

ರವಿಕೆ ತರಲು ಶಿವಾಜಿನಗರಕ್ಕೆ ಹೋದೆ. ಕಾರ್ತೀಕದ ಮದುವೆಗಳಿಗೆಂದು ಹಬ್ಬಕ್ಕೆ ಮೊದಲೇ ಎರಡು ರವಿಕೆಕಣ ಕೊಟ್ಟಿದ್ದೆ.

ನೂರುನ್ನೀಸಾ ಯಂತ್ರದ ಮುಂದೆ ಕೂತಿದ್ದಳು. ತಲೆಯೆತ್ತಲಿಲ್ಲ. ಯಾವಾಗಲೂ ನನ್ನನ್ನು ಕಂಡೊಡನೆ "ಬಾರೇ ಅಕ್ಕಯಮ್ಮ, ಚಾಯ್ ಇಡ್ಲಾ?" ಅನ್ನುವವಳು. ಮಡಿಸಿಟ್ಟಿದ್ದ ರವಿಕೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಮುಂದಿಟ್ಟಳು.

"ನೋಡ್ಕೋ. ತೋಳಿನ ಹೊಲಿಗೆ ಎಳೆದು ನೋಡು. ಡೂಪ್ಲಿಕೇಟ್ ದಾರ ಹಾಕಿಲ್ಲ."

"ನೂರೂ…"

"ನಿನ್ನ ಮಗ ನನ್ನ ಮಗನ್ನ ಕಳ್ಳ ಅಂದ. ಅರೆ, ಗಲ್ಲಿ ಪೂರಾ ಕೇಳಿಸ್ಕೊಂಡ್ತು. ಒಂದು ಟ್ಯೂಷನ್ ಸೆಂಟರ್‌ನೋರು ಹತ್ತು ಕಂಪ್ಯೂಟರ್ ಹೇಳಿದ್ರು, ಅವ್ರೂ ಬೇಡ ಅಂದ್ಬಿಟ್ರು, ವಾಟ್ಸಾಪ್‌ನಲ್ಲಿ ಬಂದಿದೆ ಅಂತ. ಏನಾಗಿತ್ತೋ ಬೇಟಾ ಅದಕ್ಕೆ ಅಂತ ನಾನು ಕೇಳಿದ್ರೆ, 'ಬಿಡು ಅಮ್ಮಿ, ದೊಡ್ಡೋರ ವಿಷಯ' ಅಂತಾನೆ. ದೊಡ್ಡೋರು ಅಂದ್ರೆ ಯಾರೇ?"

ಮತ್ತೆ ಯಂತ್ರ ತುಳಿಯತೊಡಗಿದಳು. ಆ ಸದ್ದಿನಲ್ಲಿ ನಾನು ಹೊರಟದ್ದು ಅವಳಿಗೆ ತಿಳಿಯಿತೋ ಇಲ್ಲವೋ.

ರವಿಕೆ ಮೈಗೆ ಸರಿಯಾಗಿ ಕೂತಿದೆ. ಸಿಟ್ಟಿನಲ್ಲಿ ಹೊಲಿದರೂ ಒಂದು ನೂಲು ತಪ್ಪಿಲ್ಲ.

ಅಕ್ಟೋಬರ್ ೨೯

ಸಕ್ಲೇನನಿಗೆ ಗೊತ್ತು.

ನವೆಂಬರ್ ೪, ಮಂಗಳವಾರ

ಆರು ದಿನ ಹೋಗುವುದೋ ಬೇಡವೋ ಎಂದು ಕೂತೆ. ಇವತ್ತು ಯಾರಿಗೂ ಹೇಳದೆ ಆಟೊ ಹಿಡಿದು ಸಕ್ಲೇನನ ಅಂಗಡಿಗೆ ಹೋದೆ. ಅವನು ಎದ್ದು ನಿಂತು ತಾನು ಕೂತಿದ್ದ ಕುರ್ಚಿಯನ್ನೇ ಒರೆಸಿ ಕೊಟ್ಟ. ಗಿರಾಕಿಗಳಿರಲಿಲ್ಲ. ಈ ಹೊತ್ತಿನಲ್ಲಿ ಗಿರಾಕಿಗಳಿರುತ್ತಿದ್ದರು ಎಂದು ನನಗೆ ಗೊತ್ತು.

"ಹಳೇ ಬೋರ್ಡು ಇದೆಯೇನಪ್ಪ?" ಎಂದೆ.

ಒಂದು ಗಳಿಗೆ ನನ್ನ ಮುಖ ನೋಡಿದ. ಕೆಳಗಿನ ಖಾನೆಯಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮುಂದಿಟ್ಟ. ಅಂಗೈಯಷ್ಟು ಹಳದಿ ಕಲೆ. ತಂತಿಗಳ ನಡುವೆ ಮೂರು ಕಾಳು ಅಕ್ಕಿ, ಅರಿಶಿನ ಮೆತ್ತಿಕೊಂಡು. ನಾನು ಆರಿಸಿದ್ದು ಮೇಲಿನದನ್ನು ಮಾತ್ರ.

"ಬಂದ ದಿನಾನೇ ಕಂಡ್ತಾ?"

"ಹೂಂ ಅಮ್ಮ."

"ಶ್ರೀನಾಥಂಗೆ ಯಾಕೆ ಹೇಳ್ಲಿಲ್ಲ?"

ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತಾ ಮೆಲ್ಲಗೆ ಹೇಳಿದ. "ಅಂಗಡಿ ತುಂಬ ಜನ ಇದ್ರಮ್ಮ. ಅಣ್ಣ ಕೂಗಾಡ್ತಿದ್ರು. ಆಗ ನಾನು, ಈ ಹೆಸರಿಟ್ಕೊಂಡು, ನಿಮ್ಮ ಪೂಜೆ ನೀರಿಂದ ಹಾಳಾಯ್ತು ಅಂದ್ರೆ? ಯಾರಾದ್ರೂ ಫೋನ್‌ನಲ್ಲಿ ಹಿಡ್ಕೊಂಡಿದ್ರೆ? ಡೂಪ್ಲಿಕೇಟ್ ಅಂದ್ರೆ ನಾಲ್ಕು ಗಿರಾಕಿ ಹೋಗ್ತಾರೆ, ನಾಳೆ ಬರ್ತಾರೆ. ಆ ಮಾತು ಹಂಗಲ್ಲ. ಎಲ್ಲಿಗೋ ಹೋಗಿ ನಿಲ್ಲುತ್ತೆ." ಆಮೇಲೆ ನಕ್ಕ. "ಇನ್ನೊಂದು, ನಿಮ್ಮನ್ನ ಬೈಯೋ ಧೈರ್ಯ ನಿಮ್ಮ ಮನೇಲಿ ಯಾರಿಗಿದೆ? ಎಲ್ಲಾ ಆ ಹುಡುಗಿ ಮೇಲೆ ಬೀಳ್ತಿತ್ತು."

ನಾನು ಚೀಲದಿಂದ ಕ್ಯಾಲೆಂಡರಿನ ಹಾಳೆ ತೆಗೆದೆ. ಬೇರೇನು ಮಾಡಲೂ ತೋಚಲಿಲ್ಲ. ಇಬ್ಬರೂ ತಲೆ ಬಗ್ಗಿಸಿ ಪಟ್ಟಿ ಹಿಡಿದು ಕೂತೆವು. ಹೊಸ ಕಾರ್ಡು ಕೊಂಡರೆ ಅರವತ್ತು ದಾಟುತ್ತದೆ. ಮೂರು ಕಿಂಡಿಯ ಹಳೆಯದೊಂದು ಅವನ ಬಳಿ ಇತ್ತು. ಮಾರಿದವರು ಯಾಕೆ ಮಾರಿದರು, ಎಷ್ಟು ವರ್ಷ ದುಡಿಸಿದ್ದರು, ಫ್ಯಾನು ಸದ್ದು ಮಾಡುತ್ತದೆಯೇ ಎಂದು ಕೇಳಿದೆ. ಮೂರು ಪರದೆಗೆ ಸಿಕ್ಕಿಸಿ ಒಂದು ಗಂಟೆ ಓಡಿಸಿ ತೋರಿಸಿದ. ಮುಟ್ಟಿ ನೋಡಿದೆ. ಬಿಸಿ ಇತ್ತು, ಸುಡುತ್ತಿರಲಿಲ್ಲ. ರ‍್ಯಾಮ್ ಉಳಿದಿರುವ ಒಂದೇ ಪಟ್ಟಿಯಲ್ಲಿ ನಡೆಯಲಿ, ಬೆಲೆ ಇಳಿದ ಮೇಲೆ ಇನ್ನೊಂದು. ಹಳೇ ಪೆಟ್ಟಿಗೆಯೇ ಸಾಕು. ನಡುವಿನ ಪರದೆ ಇಪ್ಪತ್ನಾಲ್ಕು ಇಂಚಿನದು, ಪಕ್ಕದವುಗಳ ಕಂಪನಿಯದೇ. ಅದಕ್ಕೂ ಟೇಪು ಹಿಡಿದೆ.

ಪವರ್ ಸಪ್ಲೈಯನ್ನು ಪಟ್ಟಿಯಿಂದ ಹೊಡೆದುಹಾಕಲು ಹೋದ. ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.

"ಮನೇಲಿ ಹೇಳ್ತೀನಪ್ಪ" ಎಂದೆ ಹೊರಡುವಾ‍ಗ.

"ನಿಧಾನಕ್ಕೆ ಹೇಳಿ ಅಮ್ಮ" ಎಂದ. ಅಷ್ಟು ಮರ್ಯಾದೆ ನನಗೆ ಕೊಡಬಾರದಾಗಿತ್ತು.

ನವೆಂಬರ್ ೭

ಹೇಳಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಸಾಮಾನನ್ನೆಲ್ಲ ಸಕ್ಲೇನನಿಂದ ಕೊಂಡಿದ್ದೇನೆ ಎಂದು ಮಾತ್ರ ತಿಳಿಸಿದೆ. ಶ್ರೀನಾಥ ಹಾರಾಡಿದ. "ದುಡ್ಡು ನನ್ನದು" ಎಂದೆ. ಅಷ್ಟಕ್ಕೆ ಧೈರ್ಯ ಬರುತ್ತದೆ ನನಗೆ.

ನವೆಂಬರ್ ೯, ಭಾನುವಾರ

ಸಕ್ಲೇನ್ ಸಾಮಾನು ತಂದ. ಅವನೂ ರಮ್ಯಾಳೂ ನೆಲದ ಮೇಲೆ ಹಳೇ ಬೆಡ್‌ಶೀಟು ಹಾಸಿಕೊಂಡು ಜೋಡಿಸಿದರು. ಅವನು ಹೇಳುತ್ತಿದ್ದ, ಅವಳೇ ಸ್ಕ್ರೂ ಹಾಕುತ್ತಿದ್ದಳು. ಶ್ರೀನಾಥ ಬಾಗಿಲಿಗೆ ಒರಗಿ ನಿಂತಿದ್ದ.

"ಈ ಸಲನಾದ್ರೂ ಒರಿಜಿನಲ್ಲಾ?"

ಸಕ್ಲೇನ್ ತಲೆ ಬಗ್ಗಿಸಿ ವೈರು ಕಟ್ಟುತ್ತಿದ್ದ. ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು.

ಕಡೆಗೆ ಗುಂಡಿ ಒತ್ತಿದರು. ಮೂರು ಪರದೆಯಲ್ಲೂ ಬೆಳಕು ಬಂತು. ರಸ್ತೆ ಎಡದಿಂದ ಬಲಕ್ಕೆ ಎಲ್ಲೂ ತುಂಡಾಗದೆ ಹರಿದಿತ್ತು. ಬೃಂದಾ ಚಪ್ಪಾಳೆ ತಟ್ಟಿದಳು. ರಮ್ಯಾ ಕೆಳಗೆ ಓಡಿಹೋಗಿ ತಟ್ಟೆ ಹಿಡಿದು ಬಂದಳು. ಕುಂಕುಮ, ಅಕ್ಷತೆ, ಮಾವಿನೆಲೆ, ಚೊಂಬಿನಲ್ಲಿ ಅರಿಶಿನದ ನೀರು. ಎಲ್ಲ ತಾನೇ ಜೋಡಿಸಿಟ್ಟುಕೊಂಡಿದ್ದಳು.

"ಅಜ್ಜಿ, ಹೋದ್ಸಲ ನಿನ್ನ ತಡೆದೆ. ಈ ಸಲ ನೀನೇ ಮಾಡು. ಎಷ್ಟು ಬೇಕಾದ್ರೂ ನೀರು ಹಾಕು."

ಚೊಂಬು ನನ್ನ ಕೈಗೆ ಕೊಟ್ಟಳು.

ಆಗ ಸಕ್ಲೇನ್, ಏನೋ ಬಿದ್ದದ್ದನ್ನು ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿ, ಗೋಡೆಯ ಪ್ಲಗ್ಗು ಕಿತ್ತ. ಪರದೆಗಳು ಕಪ್ಪಾದವು. ಅವನು ಎದ್ದು ನನ್ನ ಕಡೆ ನೋಡದೆ ಗೋಡೆ ನೋಡುತ್ತಾ ನಿಂತ. ಇಷ್ಟಾದ ಮೇಲೂ ಅವನು ನನ್ನನ್ನು ಕಾಪಾಡುತ್ತಿದ್ದ.

"ನೀರು ಬೇಡ" ಎಂದೆ. "ಹೋದ ಸಲ ನಾನೇ ಹಾಕಿದ್ದು. ಚೊಂಬು ಬಗ್ಗಿಸಿ ಹಾಕಿದೆ. ಅದಕ್ಕೇ ಸುಟ್ಟಿದ್ದು. ಕುಂಕುಮ ನಾನೇ ಅಳಿಸ್ದೆ. ಇವನ ಮಾಲಿನಲ್ಲಿ ಏನೂ ತಪ್ಪಿರಲಿಲ್ಲ. ಇವನಿಗೆ ಮೊದಲನೇ ದಿನದಿಂದ ಗೊತ್ತಿತ್ತು."

"ಅಮ್ಮ, ಏನ್ ಹೇಳ್ತಿದೀಯ ನೀನು?" ಎಂದ ಶ್ರೀನಾಥ. ಹೇಳಿದ್ದನ್ನು ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟ.

ರಮ್ಯಾ ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು.

"ಒಂದು ತಿಂಗಳು ಬೆಳಿಗ್ಗೆ ಸಂಜೆ ತಪ್ಪಾಯ್ತು ತಪ್ಪಾಯ್ತು ಅಂತ ದೀಪ ಹಚ್ಚಿದೀನಿ. ನೀವು ಪಕ್ಕದಲ್ಲೇ ನಿಂತು ಎಣ್ಣೆ ಹಾಕ್ತಿದ್ರಿ."

ನೀವು ಎಂದಳು. ಮಾತು ಕಲಿತಾಗಿನಿಂದ ಆ ಹುಡುಗಿ ನನ್ನನ್ನು ನೀನು ಎಂದೇ ಕರೆದವಳು. ದೊಡ್ಡವರಿಗೆ ಮರ್ಯಾದೆ ಕೊಡುವುದನ್ನು ಕಲಿಸು ಎಂದು ಅವಳ ತಾಯಿಗೆ ನಾನೇ ಎಷ್ಟೋ ಸಲ ಗದರಿದ್ದೆ.

ನವೆಂಬರ್ ೧೦, ಸೋಮವಾರ

ಶ್ರೀನಾಥನನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೋದೆ. ಅವನು ಒಳಗೆ ಹೋಗಿ ಮೆಲ್ಲಗೆ ಮಾತನಾಡೋಣ ಎಂದ. ಕೂಗಿದ್ದು ಎಲ್ಲಿ ನಿಂತು ಎಂದು ಕೇಳಿದೆ. ಅಂಗಡಿಯ ಮೆಟ್ಟಿಲ ಮೇಲೆ ಎಂದ. ಅಲ್ಲೇ ನಿಂತೆ. ಎದುರಿನ ಚಹಾದವನು, ಪಕ್ಕದ ಮೊಬೈಲ್ ಅಂಗಡಿಯವರು, ಹಾದುಹೋಗುವವರು ಎಲ್ಲರಿಗೂ ಕೇಳುವಂತೆ ಹೇಳಿದೆ: ಇವನ ಮಾಲು ಒಳ್ಳೆಯದು, ಹಾಳು ಮಾಡಿದವಳು ನಾನು, ನನ್ನ ಮಗ ಆಡಿದ ಮಾತು ಸುಳ್ಳು. ಶ್ರೀನಾಥ ಅಲ್ಲೇ ನಿಂತು ವಾಟ್ಸಾಪ್ ಗುಂಪಿಗೂ ಬರೆದ. ಬರೆದದ್ದನ್ನು ಅವನಿಂದಲೇ ಓದಿಸಿ ಕೇಳಿದೆ, ಒಂದು ಕಡೆ ತಿದ್ದಿಸಿದೆ. "ಸಣ್ಣ ತಪ್ಪು ತಿಳುವಳಿಕೆ" ಎಂದು ಬರೆದಿದ್ದ. ಸಣ್ಣ ಎನ್ನುವುದನ್ನು ತೆಗೆಸಿದೆ.

ನೂರುನ್ನೀಸಾ ಅಂಗಡಿಯ ಮೇಲಿನ ಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಕೆಳಗಿಳಿದು ಬರಲಿಲ್ಲ. ಒಂದು ಲೋಟ ಚಹಾ ಕಳಿಸಿದಳು. ಸಕ್ಕರೆ ಇರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಎಂದು ನೆನಪಿಟ್ಟು ಹಾಗೆ ಮಾಡಿದಳೋ, ಸಿಟ್ಟಿಗೋ. ಪೂರ್ತಿ ಕುಡಿದೆ.

ಹತ್ತು ಕಂಪ್ಯೂಟರಿನವರು ಇನ್ನೂ ತಿರುಗಿ ಬಂದಿಲ್ಲ.

ನವೆಂಬರ್ ೧೬, ಭಾನುವಾರ

ಓಟ ಮಧ್ಯಾಹ್ನ ಮೂರಕ್ಕೆ. ಒಂದು ವಾರದಿಂದ ರಮ್ಯಾ ನನ್ನ ಜೊತೆ "ಊಟ ಮಾಡಿದ್ರಾ", "ಮಾತ್ರೆ ತಗೊಂಡ್ರಾ" ಎಂದಷ್ಟೇ ಮಾತನಾಡುತ್ತಿದ್ದಾಳೆ. ಮಹಡಿ ಹತ್ತುವ ಧೈರ್ಯವಾಗಲಿಲ್ಲ. ಮೆಟ್ಟಿಲ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದೆ. ಮೇಲಿನಿಂದ ಇಂಜಿನ್ನಿನ ಸದ್ದು ಬರುತ್ತಿತ್ತು. ಪೆಟ್ಟಿಗೆ ನಿಲ್ಲದಿರಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ.

ನಾಲ್ಕನೆಯವಳಾಗಿ ಬಂದಳು. ಮೂರನೆಯವನಿಗೂ ಇವಳಿಗೂ ಅರ್ಧ ಸೆಕೆಂಡು. ಮೂರು ಪರದೆಯ ಮುಂದೆ ಅವಳಿಗೆ ಸಿಕ್ಕಿದ್ದು ಏಳೇ ದಿನ. ನಾನು ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಐದು ವಾರ ಸಿಗುತ್ತಿತ್ತು.

ಅವಳು ಅಳಲಿಲ್ಲ. ನನ್ನನ್ನು ದೂರಲೂ ಇಲ್ಲ. ಸ್ನಾನ ಮಾಡಿ ಮಲಗಿದಳು.

ನವೆಂಬರ್ ೧೯, ಬುಧವಾರ

ಮಧ್ಯಾಹ್ನ ಒಗೆದ ಬಟ್ಟೆ ಇಡಲು ಮಹಡಿಗೆ ಹೋದೆ. ಕೋಣೆಯಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ. ರಮ್ಯಾ ನೆಲದ ಮೇಲೆ ಕೂತು ಆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಮಾರ್ಚಿಗೆ ಇನ್ನೊಂದು ಪಂದ್ಯವಿದೆಯಂತೆ. ನನಗಲ್ಲ, ತಾಯಿಗೆ ಹೇಳುವಾಗ ಕೇಳಿಸಿಕೊಂಡದ್ದು.

ಪೆಟ್ಟಿಗೆಯ ನೆತ್ತಿಯ ಮೇಲೆ ಧೂಳು ಕೂತಿತ್ತು. ಒಣಬಟ್ಟೆ ತೆಗೆದುಕೊಂಡೆ. ಮೊದಲು ಕೆಳಗೆ ಬಗ್ಗಿ ಪ್ಲಗ್ಗು ಕಿತ್ತು, ಆಮೇಲೆ ಒರೆಸಿದೆ. ಜಾಲರಿಯ ಸಂದಿಗೆ ಧೂಳು ಬೀಳದ ಹಾಗೆ ಒಂದೇ ದಿಕ್ಕಿಗೆ. ಅವಳು ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಾಳೆಂದು ಬೆನ್ನಿಗೆ ಗೊತ್ತಾಗುತ್ತಿತ್ತು.

"ಕೂತ್ಕೊಳ್ಳಿ" ಎಂದಳು.

"ಎಲ್ಲಿ?"

"ಸೀಟ್‌ನಲ್ಲಿ."

ಕೂತೆ. ಪ್ಲಗ್ಗು ಹಾಕಿ ಗುಂಡಿ ಒತ್ತಿದಳು. ಮುಂದೆ ರಸ್ತೆ, ಎಡಕ್ಕೆ ಮರಗಳು, ಬಲಕ್ಕೆ ಇನ್ನೊಂದು ಗಾಡಿ. ಸ್ಟೀರಿಂಗ್ ನನ್ನ ಕೈಗೆ ಬಂತು. ಸೀರೆ ಎತ್ತಿ ಸಿಕ್ಕಿಸಿಕೊಂಡು ಕಾಲಿಗೆ ಸಿಕ್ಕಿದ್ದನ್ನು ತುಳಿದೆ. ಗಾಡಿ ಹಾರಿಹೋಗಿ ಮೊದಲನೇ ತಿರುವಿನ ಗೋಡೆಗೆ ಗುದ್ದಿ ಮೂರು ಪಲ್ಟಿ ಹೊಡೆಯಿತು. ನಾನು "ಅಯ್ಯಯ್ಯಪ್ಪಾ" ಎಂದು ಕೂಗಿ ಕಣ್ಣು ಮುಚ್ಚಿಕೊಂಡೆ.

ಅವಳು ನಕ್ಕಳು. ನಗಬಾರದೆಂದು ತಡೆದುಕೊಂಡು, ತಡೆಯಲಾಗದೆ.

"ಎಡಗಡೇದು ಬ್ರೇಕ್. ಬ್ರೇಕ್ ಅಂತ ಒಂದಿರುತ್ತೆ."

ಮತ್ತೆ ಹೊರಟೆ. ಮತ್ತೆ ಗುದ್ದಿದೆ. ನಾಲ್ಕನೆಯ ಸಲ ತಿರುವು ದಾಟಿದೆ. ಅಷ್ಟರಲ್ಲಿ ಕೆಳಗೆ ಹಾಲು ಉಕ್ಕಿದ ವಾಸನೆ ಬಂತು. ಎದ್ದು ಓಡಿದೆ. ಒಲೆ ಒರೆಸಿ, ಪಾತ್ರೆ ನೆನೆಹಾಕಿ, ಒದ್ದೆ ಕೈಯಲ್ಲೇ ಮೆಟ್ಟಿಲ ಹತ್ತಿರ ಬಂದು ನಿಂತೆ. ಮತ್ತೆ ಹೋಗಬಹುದೋ ಇಲ್ಲವೋ ತಿಳಿಯಲಿಲ್ಲ. ಕರೆಯದೆ ಹೋಗುವ ಅಭ್ಯಾಸವನ್ನು ಬಿಟ್ಟಿದ್ದೇನೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಿದಳು.

"ಅಜ್ಜೀ, ಎಲ್ಲೋದೆ? ಕೈ ಒರೆಸ್ಕೊಂಡ್ ಬಾ."